ಅದೇ ತಿರುವು, ಎರಡು ಕಾರು: ಸಣ್ಣ ಹ್ಯಾಚ್‌ಬ್ಯಾಕ್ ಘಾಟಿಯಲ್ಲಿ ಹೆದರಿಸುವುದೇಕೆ?

ಚಾರ್ಮಾಡಿ ಯಾತ್ರಿಕ
ಭಾನುವಾರ, ರಾತ್ರಿ 10:40

ಎಲ್ಲರಿಗೂ ನಮಸ್ಕಾರ. ಇಲ್ಲಿನ ಚರ್ಚೆಗಳನ್ನು ಐದು ವರ್ಷಗಳಿಂದ ಓದುತ್ತಿದ್ದೇನೆ, ಬರೆಯುತ್ತಿರುವುದು ಇದೇ ಮೊದಲು. ಪ್ರಶ್ನೆ ಸ್ವಲ್ಪ ಉದ್ದವಾಗಿದೆ, ಸಹಿಸಿಕೊಳ್ಳಿ.

ನನ್ನದು 2014ರ ಸಣ್ಣ ಹ್ಯಾಚ್‌ಬ್ಯಾಕ್. ಎಂಟುನೂರು ಸಿಸಿ, ಹನ್ನೆರಡು ಇಂಚಿನ ಚಕ್ರ, ಪವರ್ ಸ್ಟಿಯರಿಂಗ್ ಇಲ್ಲ. ಕಂಪನಿಯ ಹೆಸರು ಬೇಡ. ಊರು ಉಜಿರೆ, ಹೊಟ್ಟೆಪಾಡು ಬೆಂಗಳೂರು. ವರ್ಷಕ್ಕೆ ಏಳೆಂಟು ಸಲ ಕೊಟ್ಟಿಗೆಹಾರ ದಾಟಿ ಚಾರ್ಮಾಡಿ ಇಳಿಯುತ್ತೇನೆ. ಇಷ್ಟು ವರ್ಷ ಯಾವ ದೂರೂ ಇರಲಿಲ್ಲ. ಆ ರಸ್ತೆಯಲ್ಲಿ ಬೇರೆ ಕಾರು ಓಡಿಸಿಯೇ ಇರಲಿಲ್ಲವಲ್ಲ, ದೂರು ಎಲ್ಲಿಂದ ಬರಬೇಕು?

ಈ ವಾರ ಗೃಹಪ್ರವೇಶಕ್ಕೆಂದು ಊರಿಗೆ ಹೋದಾಗ ಗೆಳೆಯನೂ ತನ್ನ ಪೋಲೋ ಜಿಟಿ ಟಿಎಸ್‌ಐ ತಂದಿದ್ದ. ಶನಿವಾರ ನನ್ನ ಕಾರಿನಲ್ಲಿ ಘಾಟಿ ಇಳಿದೆ. ಇವತ್ತು ಬೆಳಿಗ್ಗೆ ಕೊಟ್ಟಿಗೆಹಾರದ ನೀರುದೋಸೆಯ ನೆಪ ಮಾಡಿಕೊಂಡು ಅವನ ಕಾರಿನಲ್ಲಿ ಹತ್ತಿ, ದೋಸೆ ತಿಂದು, ಮತ್ತೆ ಇಳಿದೆ. ಅದೇ ರಸ್ತೆ, ಅದೇ ದಿಕ್ಕು, ಅದೇ ಚಾಲಕ.

ಒಂದು ತಿರುವನ್ನು ಗುರುತಿಟ್ಟುಕೊಂಡಿದ್ದೆ. ಹೇರ್‌ಪಿನ್ ಅಲ್ಲ, ಎಡಕ್ಕೆ ನೀರು ಒಸರುವ ಬಂಡೆ, ಬಲಕ್ಕೆ ತಡೆಗೋಡೆ, ನಡುವೆ ಉದ್ದಕ್ಕೆ ಬಾಗಿದ ರಸ್ತೆ. ನನ್ನ ಕಾರು 35ರ ವೇಗದಲ್ಲಿ ಅಲ್ಲಿಗೆ ಹೊಕ್ಕಾಗ, ಸ್ಟಿಯರಿಂಗ್ ತಿರುಗಿಸಿದ್ದಕ್ಕೂ ಮೂತಿ ಹೊರಳಿದ್ದಕ್ಕೂ ನಡುವೆ ಅರೆಕ್ಷಣ ಕಳೆಯಿತು. ಆಮೇಲೆ ಇಡೀ ಕಾರು ಹೊರಗಡೆಗೆ ವಾಲಿತು. ಅಮ್ಮನ ಕಾಲಬುಡದಲ್ಲಿದ್ದ ತುಪ್ಪದ ಡಬ್ಬಿ ಜಾರಿ ಆಚೆ ಬದಿಯ ಬಾಗಿಲಿಗೆ ಬಡಿಯಿತು. ಅಮ್ಮ ಕಿಟಕಿಯ ಮೇಲಿನ ಹಿಡಿ ಹಿಡಿದುಕೊಂಡು "ನಿಧಾನ ಮಾರಾಯ" ಎಂದರು.

ಪೋಲೋ ಅದೇ ತಿರುವಿಗೆ 40ರಲ್ಲಿ ಹೊಕ್ಕಿತು. ಏನೂ ಆಗಲಿಲ್ಲ. ಸೀಮೆಸುಣ್ಣದಲ್ಲಿ ಎಳೆದ ಗೆರೆಯ ಮೇಲೆ ಹೋದಂತೆ ಹೋಯಿತು.

ನನ್ನ ಪ್ರಶ್ನೆ: ಮೀಟರಿನಲ್ಲಿ ವ್ಯತ್ಯಾಸ ಕೇವಲ ಐದು ಕಿಲೋಮೀಟರ್. ಅಷ್ಟಕ್ಕೆ ಅನುಭವದಲ್ಲಿ ಇಷ್ಟೊಂದು ಅಂತರವೇ? ಇದು ಎಂಜಿನ್ ಶಕ್ತಿಯ ಮಹಿಮೆಯೋ, ಟೈರಿನದೋ? ನನ್ನ ಕಾರು ಅಪಾಯದ ಅಂಚಿನಲ್ಲಿತ್ತೇ? ಮಾರಿಬಿಡಿ ಎನ್ನುವುದನ್ನು ಬಿಟ್ಟು ಬೇರೇನಾದರೂ ಹೇಳಿ. ಮಾರಲು ಹಣದ ಅಡ್ಡಿ, ಜೊತೆಗೆ ಒಂದಿಷ್ಟು ಪ್ರೀತಿಯ ಅಡ್ಡಿ.

ಕಿಟಕಿ ಸೀಟು
ಭಾನುವಾರ, ರಾತ್ರಿ 10:58

ನೀವಿಬ್ಬರೂ ಅಳೆದು ತೂಗಿ ಇಳಿಯುತ್ತಿದ್ದಾಗ ಹಿಂದಿನಿಂದ ಕೆಂಪು ಬಸ್ಸೊಂದು ಹಾರ್ನ್ ಹೊಡೆದು ದಾರಿ ಬಿಡಿಸಿಕೊಂಡು ಹೋಗಲಿಲ್ಲವೇ? ಅದರ ಗುರುತ್ವ ಕೇಂದ್ರ ಎಲ್ಲಿದೆಯೆಂದು ಮೊದಲು ಯಾರಾದರೂ ಲೆಕ್ಕ ಹಾಕಿ.

ಟ್ರ್ಯಾಕ್ ಹುಚ್ಚ
ಭಾನುವಾರ, ರಾತ್ರಿ 11:15

ಉತ್ತರ ಸರಳವಾಗಿದೆ. ಪೋಲೋ ಜಿಟಿಯಲ್ಲಿ 1.2 ಲೀಟರ್ ಟರ್ಬೊ, 105 ಪಿಎಸ್ ಶಕ್ತಿ, 185 ಮಿಲಿಮೀಟರ್ ಅಗಲದ ಟೈರು. ನಿಮ್ಮದರಲ್ಲಿ 145. ಆ ಅಗಲದ ಟೈರು ಹಾಲಿನ ಕ್ಯಾನು ಸಾಗಿಸಲು ಸರಿ, ಘಾಟಿಗೆ ಅಲ್ಲ. ಕಡಿಮೆ ಬೆಲೆಯ ಕಾರನ್ನು ಕಚೇರಿಗೆ ಹೋಗಿಬರಲು ಮಾಡಿರುತ್ತಾರೆ, ತಿರುವು ಅದರ ಪಠ್ಯದಲ್ಲೇ ಇಲ್ಲ. ಚೆನ್ನೈ ಹತ್ತಿರದ ಇರುಂಗಾಟ್ಟುಕೋಟೈ ಟ್ರ್ಯಾಕಿನಲ್ಲಿ ಎರಡೂ ಬಗೆಯ ಕಾರು ಓಡಿಸಿದ್ದೇನೆ: 3.7 ಕಿಲೋಮೀಟರ್, ಹನ್ನೆರಡು ತಿರುವು. ಸಾದಾ ಹ್ಯಾಚ್‌ಬ್ಯಾಕಿನಲ್ಲಿ ಮೂರನೆಯ ಸುತ್ತಿಗೇ ಬ್ರೇಕ್ ಪೆಡಲ್ ಮೆತ್ತಗಾಗಿ ನೆಲಕ್ಕಿಳಿಯತೊಡಗಿತು. ಗಟ್ಟಿಯಾಗಿ ಕಟ್ಟಿದ ಕಾರು ಹತ್ತು ಸುತ್ತು ತಾಳಿತು. ಇನ್ನೇನು ಬೇಕು?

ಲೆಕ್ಕದ ಮೇಷ್ಟ್ರು
ಸೋಮವಾರ, ಬೆಳಿಗ್ಗೆ 6:20

ಯಾತ್ರಿಕರೇ, ನಿಮ್ಮ ಪ್ರಶ್ನೆಯಲ್ಲೇ ಒಂದು ತಪ್ಪು ಊಹೆ ಅಡಗಿದೆ. ಐದು ಕಿಲೋಮೀಟರ್ ಎಂದರೆ ಸಣ್ಣ ವ್ಯತ್ಯಾಸ ಎಂದುಕೊಂಡಿದ್ದೀರಿ. ತಿರುವಿನಲ್ಲಿ ಟೈರು ತಡೆದುಕೊಳ್ಳಬೇಕಾದ ಪಕ್ಕದ ಎಳೆತ ವೇಗದ ವರ್ಗಕ್ಕೆ ತಕ್ಕಂತೆ ಏರುತ್ತದೆ. 35ರಿಂದ 40ಕ್ಕೆ ಹೋದರೆ ಎಳೆತ ಶೇಕಡಾ 30ರಷ್ಟು ಹೆಚ್ಚುತ್ತದೆ. ಅಂದರೆ ಪೋಲೋ ಆ ತಿರುವಿನಲ್ಲಿ ನಿಮ್ಮ ಕಾರಿಗಿಂತ ಸುಮಾರು ಮೂರನೇ ಒಂದು ಪಾಲು ಹೆಚ್ಚು ಕೆಲಸ ಮಾಡಿತು, ಬೆವರಲಿಲ್ಲ.

ಆದರೆ ಲೆಕ್ಕ ಇಲ್ಲಿಗೆ ಮುಗಿಯುವುದಿಲ್ಲ. ನೀವು ಹೇಳಿದ ತಿರುವಿನ ತ್ರಿಜ್ಯ 25 ಮೀಟರ್ ಎಂದು ಇಟ್ಟುಕೊಳ್ಳೋಣ. ಗಂಟೆಗೆ 35 ಕಿಲೋಮೀಟರ್ ಎಂದರೆ ಸೆಕೆಂಡಿಗೆ 9.7 ಮೀಟರ್. ವರ್ಗ ಮಾಡಿ 25ರಿಂದ ಭಾಗಿಸಿ: ಭೂಮಿಯ ಗುರುತ್ವದ ಶೇಕಡಾ 39ರಷ್ಟು ಬರುತ್ತದೆ. ಪೋಲೋದ ಲೆಕ್ಕ ಶೇಕಡಾ 50. ಒಣ ಡಾಂಬರಿನ ಮೇಲೆ ಸಾಧಾರಣ ಟೈರಿನ ಸಣ್ಣ ಕಾರು 75ರ ಆಸುಪಾಸು ತಡೆದೀತು, ಒಳ್ಳೆಯ ಟೈರಿನ ಚುರುಕು ಕಾರು 90ರ ಆಸುಪಾಸು. ಇವು ನನ್ನ ಅಂದಾಜಿನ ಅಂಕಿಗಳು, ಆದರೆ ಲೆಕ್ಕದ ಧಾಟಿ ಬದಲಾಗದು. ನಿಮ್ಮ ಕಾರಿನಲ್ಲಿ ಹಿಡಿತ ಇನ್ನೂ ಅರ್ಧದಷ್ಟು ಬಾಕಿ ಇತ್ತು. ನೀವು ಹೆದರಿದ್ದು ಜಾರಿಕೆಗೆ ಅಲ್ಲ, ವಾಲಿಕೆಗೆ.

ಅದೇ ತಿರುವಿನಲ್ಲಿ ನಿಜವಾದ ಮಿತಿಯನ್ನು ಹಾಕಿ ನೋಡಿ. ಸಣ್ಣ ಕಾರಿಗೆ ಗಂಟೆಗೆ ಸುಮಾರು 49 ಕಿಲೋಮೀಟರ್, ಚುರುಕು ಕಾರಿಗೆ ಸುಮಾರು 53. ಹಿಡಿತ ಶೇಕಡಾ 20ರಷ್ಟು ಹೆಚ್ಚಾದರೂ ವೇಗ ಹೆಚ್ಚುವುದು ಶೇಕಡಾ 10ಕ್ಕಿಂತ ಕಡಿಮೆ, ವರ್ಗಮೂಲದ ಜಿಪುಣತನ ಅದು. ಅಂಥ ಘಾಟಿ ಇಪ್ಪತ್ತು ಕಿಲೋಮೀಟರ್ ಇದ್ದು, ಒಬ್ಬ ಸರಾಸರಿ 30ರಲ್ಲೂ ಇನ್ನೊಬ್ಬ 33ರಲ್ಲೂ ಇಳಿದರೆ ಕೆಳಗೆ ತಲುಪುವಾಗ ಇರುವ ಅಂತರ ನಾಲ್ಕು ನಿಮಿಷವೂ ಅಲ್ಲ. ಉಜಿರೆಯಲ್ಲಿ ಒಂದು ಕಾಫಿ ತಣಿಯುವ ಹೊತ್ತು.

ಇನ್ನೊಂದು ಮಾತು. ವೇಗದ ಮೀಟರುಗಳು ನಿಜವಾದ ವೇಗಕ್ಕಿಂತ ತುಸು ಹೆಚ್ಚೇ ತೋರಿಸುವಂತೆ ಮಾಡಿರುತ್ತಾರೆ, ಎಷ್ಟು ಹೆಚ್ಚು ಎಂಬುದು ಕಾರಿನಿಂದ ಕಾರಿಗೆ ಬೇರೆ. ಎರಡು ಕಾರುಗಳ ಮೀಟರನ್ನು ಹೋಲಿಸುವ ಬದಲು ಮೊಬೈಲಿನ ಜಿಪಿಎಸ್ ನೋಡಿ. ಹಾಗೆಂದು ತಿರುವಿನಲ್ಲಿ ನೀವೇ ನೋಡಬೇಡಿ, ಪಕ್ಕದಲ್ಲಿ ಕುಳಿತವರು ನೋಡಲಿ.

ಟ್ರ್ಯಾಕ್ ಹುಚ್ಚರೇ, 145ರ ಟೈರನ್ನು ಹಾಲಿನ ಕ್ಯಾನಿಗೆ ಕಟ್ಟಿದಿರಿ. ಆ ಕಾರಿನ ತೂಕ 700 ಕಿಲೋ ಸುಮಾರು, ಪೋಲೋದ್ದು 1,100 ಸುಮಾರು. ಒಂದೊಂದು ಕಿಲೋ ತೂಕಕ್ಕೆ ಸಿಗುವ ಟೈರಿನ ಅಗಲ ಲೆಕ್ಕ ಹಾಕಿದರೆ ಸಣ್ಣ ಕಾರಿನದೇ ಹೆಚ್ಚು. ಅಗಲವೊಂದೇ ಮಾನದಂಡವಾಗಿದ್ದರೆ ಯಾತ್ರಿಕರು ಗೆಲ್ಲಬೇಕಿತ್ತು.

ಟ್ರ್ಯಾಕ್ ಹುಚ್ಚ
ಸೋಮವಾರ, ಬೆಳಿಗ್ಗೆ 9:05

ಮೇಷ್ಟ್ರೇ, ಕಾಗದದ ಮೇಲೆ ಗೆದ್ದಿರಿ. ಹಾಗಾದರೆ ಗೆಲ್ಲಲಿಲ್ಲವೇಕೆ ಎಂದೂ ನೀವೇ ಹೇಳಿ.

ಗ್ಯಾರೇಜಿನ ಮಾವ
ಸೋಮವಾರ, ಮಧ್ಯಾಹ್ನ 2:30

ಅದನ್ನು ನಾನು ಹೇಳುತ್ತೇನೆ. ಶಿವಮೊಗ್ಗದಲ್ಲಿ ಮೂವತ್ತು ವರ್ಷದಿಂದ ಇದೇ ಕೆಲಸ. ಆಗುಂಬೆಯ ಹದಿನಾಲ್ಕು ತಿರುವು ಇಳಿದು ಬ್ರೇಕ್ ಸುಟ್ಟ ವಾಸನೆಯೊಡನೆ ಬಂದ ಗಾಡಿಗಳನ್ನು ಬಿಚ್ಚಿ ಬಿಚ್ಚಿ ಕೈ ಪಳಗಿದೆ.

ಕಡಿಮೆ ಬೆಲೆಯ ಕಾರಿಗೆ ಕಂಪನಿ ಹಾಕುವ ಟೈರಿನ ರಬ್ಬರು ಗಟ್ಟಿ. ಹೆಚ್ಚು ಬಾಳಿಕೆ ಬರಬೇಕು, ಹಗುರಾಗಿ ಉರುಳಿ ಮೈಲೇಜ್ ಕೊಡಬೇಕು, ಕೊಳ್ಳುವವರು ಕೇಳುವುದೇ ಆ ಎರಡನ್ನು. ಮೆತ್ತನೆಯ ರಬ್ಬರು ಡಾಂಬರನ್ನು ಕಚ್ಚುತ್ತದೆ, ಬೇಗ ಸವೆಯುತ್ತದೆ. ಎರಡನೆಯದು, 145/80 ಎಂದರೆ ಟೈರಿನ ಪಕ್ಕದ ಗೋಡೆ ಅದರ ಅಗಲದ ಶೇಕಡಾ 80ರಷ್ಟು ಎತ್ತರ. ಕಿರಿದಾದ ಕಾಲಿನ ಮೇಲೆ ಎತ್ತರದ ಗೋಡೆ. ಸ್ಟಿಯರಿಂಗ್ ತಿರುಗಿಸಿದೊಡನೆ ಮೊದಲು ಆ ಗೋಡೆ ಬಾಗುತ್ತದೆ, ಆಮೇಲೆ ಚಕ್ರದ ಮಾತು ರಸ್ತೆಗೆ ತಲುಪುತ್ತದೆ. ನೀವು ಹೇಳಿದ ಅರೆಕ್ಷಣದಲ್ಲಿ ಅರ್ಧ ಪಾಲು ಅಲ್ಲೇ ಹೋಯಿತು.

ಉಳಿದ ಅರ್ಧ ಎಲ್ಲಿ ಹೋಯಿತೆಂದು ಕಾರು ನೋಡದೆ ಹೇಳಲಾರೆ, ಆದರೆ ಊಹಿಸಬಲ್ಲೆ. 2014ರ ಗಾಡಿ. ಲೋಯರ್ ಆರ್ಮ್‌ನ ಬುಷ್‌ಗಳನ್ನು ಒಮ್ಮೆಯಾದರೂ ಬದಲಿಸಿದ್ದೀರಾ? ಚಕ್ರವನ್ನು ಕಾರಿನ ಮೈಗೆ ಹಿಡಿಸುವ ತೋಳಿನಲ್ಲಿರುವ ಮುಷ್ಟಿಯಷ್ಟು ರಬ್ಬರಿನ ತುಂಡು ಅದು, ಹತ್ತು ವರ್ಷ ಬಿಸಿಲು, ಗುಂಡಿ ತಿಂದರೆ ಸೀಳುತ್ತದೆ. ಆಗ ಚಕ್ರ ತನ್ನ ಜಾಗದಲ್ಲಿ ಗಟ್ಟಿಯಾಗಿ ನಿಲ್ಲುವುದಿಲ್ಲ. ಶಾಕ್ ಅಬ್ಸಾರ್ಬರ್ ಎಣ್ಣೆ ಒಸರುತ್ತಿದೆಯೇ ನೋಡಿ. ಕಾರಿನ ಮೂಲೆಯನ್ನು ಕೈಯಿಂದ ಒತ್ತಿಬಿಟ್ಟರೆ ಒಮ್ಮೆ ಎದ್ದು ನಿಲ್ಲಬೇಕು, ತೊಟ್ಟಿಲಂತೆ ತೂಗಬಾರದು.

ಟೈರಿನ ವಯಸ್ಸನ್ನೂ ನೋಡಿ. ಪಕ್ಕದ ಗೋಡೆಯ ಮೇಲೆ ನಾಲ್ಕು ಅಂಕಿಗಳು ಇರುತ್ತವೆ, ಮೊದಲೆರಡು ವಾರ, ಕೊನೆಯೆರಡು ವರ್ಷ. ಓದಿ ಬರೆಯಿರಿ. ಗಾಳಿ ಎಷ್ಟಿದೆ ಎಂಬುದನ್ನೂ. ಪೆಟ್ರೋಲ್ ಬಂಕಿನ ಹುಡುಗ ಹಾಕಿದ್ದು ಅಂತ ಹೇಳಬೇಡಿ, ತಣ್ಣಗಿದ್ದಾಗ ಅಳೆದು ಬರೆಯಿರಿ.

ಕೊನೆಗೆ ಒಂದು. ಅಂಬಾಸಿಡರ್, ಪದ್ಮಿನಿ ಓಡಿಸಿ ಬಂದವರ ಕೈಗೆ ಮಾರುತಿ 800 ಸಿಕ್ಕಾಗ ನಾನು ಕೆಲಸ ಕಲಿಯುತ್ತಿದ್ದೆ. ಮೊದಲ ಕಾರು ದೆಹಲಿಯಲ್ಲಿ ಮಾಲೀಕನ ಕೈ ಸೇರಿದ್ದು 1983ರ ಡಿಸೆಂಬರಿನಲ್ಲಿ, ನಮ್ಮ ಕಡೆ ಕಣ್ಣಿಗೆ ತುಂಬುವಷ್ಟು ಬರಲು ಇನ್ನಷ್ಟು ವರ್ಷ ಹಿಡಿಯಿತು. ಅಂಬಾಸಿಡರ್‌ನ ಸ್ಟಿಯರಿಂಗ್ ತಿರುಗಿಸುವುದು ಬಾವಿಯ ರಾಟೆ ಸುತ್ತುವ ಕೆಲಸ. ಅವರು 800ರಲ್ಲಿ ಕುಳಿತು ಆಗುಂಬೆ ಇಳಿದು ಬಂದು "ಇದು ಆಟದ ಸಾಮಾನಿನಂತೆ ತಿರುಗುತ್ತದಲ್ಲ" ಎನ್ನುತ್ತಿದ್ದರು. ಆ ಹೊತ್ತಿನ ಸ್ಪೋರ್ಟ್ಸ್ ಕಾರು ಅದೇ ಆಗಿತ್ತು.

ಹೇಮಾವತಿ ತೀರ
ಸೋಮವಾರ, ರಾತ್ರಿ 8:15

ಎಲ್ಲರೂ ಟೈರು, ತ್ರಿಜ್ಯ ಎಂದು ಮುಳುಗಿದ್ದೀರಿ, ಒಂದು ಸಾದಾ ಪ್ರಶ್ನೆ ಯಾರೂ ಕೇಳಲಿಲ್ಲ. ಯಾತ್ರಿಕರೇ, ಶನಿವಾರ ನಿಮ್ಮ ಕಾರಿನಲ್ಲಿ ಎಷ್ಟು ಜನ ಇದ್ದಿರಿ? ಡಿಕ್ಕಿಯಲ್ಲಿ ಏನಿತ್ತು? ಪೋಲೋದಲ್ಲಿ?

ಚಾರ್ಮಾಡಿ ಯಾತ್ರಿಕ
ಸೋಮವಾರ, ರಾತ್ರಿ 9:50

ಸಿಕ್ಕಿಬಿದ್ದೆ.

ನನ್ನ ಕಾರಿನಲ್ಲಿ ನಾನು, ಹೆಂಡತಿ, ಅಮ್ಮ, ಚಿಕ್ಕಮ್ಮ. ಡಿಕ್ಕಿಯಲ್ಲಿ ನಾಲ್ಕು ಚೀಲ ಬಟ್ಟೆ, ಪೂಜೆಗೆಂದು ಚಿಕ್ಕಮ್ಮನ ತೋಟದ ಮೂವತ್ತು ತೆಂಗಿನಕಾಯಿ. ಉಜಿರೆಗೆ ಘಟ್ಟದ ಮೇಲಿಂದ ತೆಂಗಿನಕಾಯಿ ಒಯ್ಯುವ ಬುದ್ಧಿ ಯಾರದು ಎಂದು ಕೇಳಬೇಡಿ. ಪೋಲೋದಲ್ಲಿ ನಾನು ಮತ್ತು ಗೆಳೆಯ, ನಮ್ಮ ಹೊಟ್ಟೆಯೊಳಗಿನ ನೀರುದೋಸೆ.

ಮಾವ, ಟೈರು ನೋಡಿದೆ. 2316 ಎಂದಿದೆ. ಅಂದರೆ 2016ರ ಇಪ್ಪತ್ಮೂರನೇ ವಾರ. ಟೈರಿನ ಮೇಲಿನ ಗೀರುಗಳು ಇನ್ನೂ ಆಳವಾಗಿವೆಯೆಂದು ಬದಲಿಸಿರಲಿಲ್ಲ. ಗಾಳಿ ನಾಲ್ಕೂ ಚಕ್ರದಲ್ಲಿ 40. ಬಾಗಿಲ ಪಕ್ಕದ ಚೀಟಿಯಲ್ಲಿರುವುದು ಅದಕ್ಕಿಂತ ಬಹಳ ಕಡಿಮೆ. ಮೂಲೆ ಒತ್ತಿ ಬಿಟ್ಟೆ, ಮುಂದಿನದು ಸರಿಯಾಗಿ ನಿಂತಿತು, ಹಿಂದಿನ ಎಡಗಡೆಯದು ತೊಟ್ಟಿಲೇ.

ಹೇಮಾವತಿ ತೀರ
ಸೋಮವಾರ, ರಾತ್ರಿ 10:20

ನಾಲ್ಕು ಜನ, ಸಾಮಾನು ಸೇರಿ ಮುನ್ನೂರು ಕಿಲೋ ಎಂದಿಟ್ಟುಕೊಳ್ಳಿ. 1,500 ಕಿಲೋದ ದೊಡ್ಡ ಕಾರಿಗೆ ಅದು ಐದನೇ ಒಂದು ಭಾಗದ ಹೊರೆ. ನಿಮ್ಮ 700 ಕಿಲೋದ ಕಾರಿಗೆ ಶೇಕಡಾ 43. ಖಾಲಿ ಇದ್ದಾಗ ಒಂದು ಕಾರು, ತುಂಬಿದಾಗ ಇನ್ನೊಂದು ಕಾರು. ಸಣ್ಣ ಕಾರಿನ ಸ್ಪ್ರಿಂಗು ಮಾಡುವವರಿಗೆ ಇದೇ ದೊಡ್ಡ ತಲೆನೋವು: ಖಾಲಿಯಲ್ಲಿ ಕುಕ್ಕಬಾರದು, ತುಂಬಿದಾಗ ಕುಸಿಯಬಾರದು. ಬೇರೆಲ್ಲದಕ್ಕಿಂತ ಮೊದಲು ಈ ಹೋಲಿಕೆಯೇ ಸರಿಯಿಲ್ಲ. ಅಮ್ಮ, ಚಿಕ್ಕಮ್ಮ, ತೆಂಗಿನಕಾಯಿ ಎಲ್ಲವನ್ನೂ ಪೋಲೋದಲ್ಲಿ ಕೂರಿಸಿ ಅದೇ ತಿರುವಿಗೆ ಹೋಗಿ.

ಹಾಗೆಂದು ಸಣ್ಣ ಕಾರೇ ಸಾಕು ಎಂದು ಮುದ್ದು ಮಾಡುವವರ ಸಾಲಿಗೂ ನನ್ನನ್ನು ಸೇರಿಸಬೇಡಿ. ಹಾಸನದಿಂದ ಬೆಂಗಳೂರಿಗೆ, ಕೆಲವೊಮ್ಮೆ ದಾವಣಗೆರೆಗೆ ಎತ್ತರದ ಸಣ್ಣ ಹ್ಯಾಚ್‌ಬ್ಯಾಕಿನಲ್ಲಿ ಒಬ್ಬಳೇ ಓಡಾಡುತ್ತೇನೆ. ಘಾಟಿಯಲ್ಲಿ ನನಗೆ ಎಂದೂ ಭಯವಾಗಿಲ್ಲ, ಅಲ್ಲಿ ವೇಗವೇ ಇರುವುದಿಲ್ಲ. ಭಯವಾದದ್ದು ಚಿತ್ರದುರ್ಗದ ಬಳಿ. ಗುಡ್ಡದ ಮೇಲೆ ಸಾಲಾಗಿ ಗಾಳಿಯಂತ್ರ ನೆಟ್ಟಿರುವ ಜಾಗದಲ್ಲಿ ಗಾಳಿಗೆ ಏನು ಕೊರತೆ? ಲಾರಿಯ ಮರೆಯಿಂದ ಈಚೆ ಬಂದ ಕೂಡಲೇ ಅಡ್ಡಗಾಳಿ ಕಾರನ್ನು ಪಕ್ಕಕ್ಕೆ ತಳ್ಳುತ್ತದೆ. ಮೈ ಎತ್ತರ, ತೂಕ ಕಡಿಮೆ, ಬಿಚ್ಚಿದ ಕೊಡೆ ಹಿಡಿದು ನಡೆದಂತೆ. ಒಮ್ಮೆ 95ರಲ್ಲಿದ್ದಾಗ ನಾಯಿಯೊಂದು ಅಡ್ಡ ಬಂತು. ಎಡಕ್ಕೆ ಎಳೆದು ಮತ್ತೆ ಬಲಕ್ಕೆ ತಂದೆ. ಎಡಕ್ಕೆ ಎಳೆದದ್ದರಲ್ಲಿ ಏನೂ ತೊಂದರೆಯಾಗಲಿಲ್ಲ. ಬಲಕ್ಕೆ ತರುವಾಗ, ಒಂದು ಕಡೆಗೆ ವಾಲಿದ್ದ ಕಾರು ಇನ್ನೊಂದು ಕಡೆಗೆ ಉರುಳಿದ ಆ ತೂಗಾಟ ಇದೆಯಲ್ಲ, ಅದನ್ನು ನಾನು ಮರೆಯುವುದಿಲ್ಲ. ನಾಯಿ ಉಳಿಯಿತು, ನಾನೂ ಉಳಿದೆ. ರಸ್ತೆ ಬದಿಗೆ ನಿಲ್ಲಿಸಿ ಹತ್ತು ನಿಮಿಷ ಸುಮ್ಮನೆ ಕುಳಿತೆ. ತಪ್ಪು ಕಾರಿನದಲ್ಲ, ಆ ಗಾಳಿಯಲ್ಲಿ 95ರಲ್ಲಿ ಹೋದ ನನ್ನದು.

ಇದರಲ್ಲಿ ಟ್ರ್ಯಾಕ್ ಹುಚ್ಚರ ಮಾತು ನಿಜ. ಕುಳ್ಳಗೆ ಕೂತ, ಬಿಗಿಯಾದ ಕಾರು ಅಂಥ ಹೊತ್ತಿನಲ್ಲಿ ಜೀವ ಉಳಿಸುವ ಸಾಧನ, ಷೋಕಿಯಲ್ಲ.

ನೆಕ್ಕಾರ್ ದಂಡೆ
ಮಂಗಳವಾರ, ಮಧ್ಯರಾತ್ರಿ 1:10

ಸ್ಟುಟ್‌ಗಾರ್ಟಿನಿಂದ ನಮಸ್ಕಾರ. ಹೇಮಾವತಿ ತೀರ ಅವರು ಹೇಳಿದ ಎಡ-ಬಲದ ತೂಗಾಟಕ್ಕೆ ಇಲ್ಲಿ ದೊಡ್ಡ ಇತಿಹಾಸವಿದೆ. 1997ರಲ್ಲಿ ನಮ್ಮದೇ ಊರಿನ ಮರ್ಸಿಡಿಸ್ ತನ್ನ ಮೊದಲ ಸಣ್ಣ ಎತ್ತರದ ಕಾರು ಎ-ಕ್ಲಾಸ್ ಬಿಡುಗಡೆ ಮಾಡಿತು. ಸ್ವೀಡನ್ನಿನ ಪತ್ರಿಕೆಯೊಂದು ಅದನ್ನು ಪರೀಕ್ಷೆಗೆ ಒಡ್ಡಿತು. ಅಲ್ಲಿ ರಸ್ತೆಗೆ ಅಡ್ಡ ಬರುವುದು ನಾಯಿಯಲ್ಲ, ಕುದುರೆಯಷ್ಟು ದೊಡ್ಡ ಕಾಡುಜಿಂಕೆ. ಪರೀಕ್ಷೆಯೂ ಹಾಗೇ: ಒಮ್ಮೆಲೇ ಒಂದು ಕಡೆ ಎಳೆದು ಮತ್ತೆ ಹಳೆಯ ಜಾಡಿಗೆ ತರುವುದು. ಎ-ಕ್ಲಾಸ್ ಮಗುಚಿ ಬಿತ್ತು. ಕಂಪನಿ ಕೆಲಕಾಲ ಮಾರಾಟ ನಿಲ್ಲಿಸಿ, ಸಸ್ಪೆನ್ಷನ್ ತಿದ್ದಿ, ಜಾರುವ ಚಕ್ರಕ್ಕೆ ತಾನೇ ಬ್ರೇಕ್ ಹಾಕುವ ಇಎಸ್‌ಪಿ ವ್ಯವಸ್ಥೆಯನ್ನು ಆ ಸಣ್ಣ ಕಾರಿನ ಎಲ್ಲ ಮಾದರಿಗಳಲ್ಲೂ ಅಳವಡಿಸಿತು. ದೊಡ್ಡ ಐಷಾರಾಮಿ ಕಾರುಗಳ ಸೊತ್ತಾಗಿದ್ದ ಉಪಕರಣ ಹೀಗೆ ಸಣ್ಣ ಕಾರಿಗೆ ಇಳಿಯಿತು.

ಆದರೆ ವಾಲುವುದು, ಜಾರುವುದು ಒಂದೇ ಅಲ್ಲ ಎಂಬ ಮೇಷ್ಟ್ರ ಮಾತಿಗೆ ನನ್ನದೊಂದು ಸಾಕ್ಷಿ. ಫ್ರಾನ್ಸಿನ ಹಳೆಯ ಸಿಟ್ರೊಯೆನ್ 2ಸಿವಿ ನೋಡಿದ್ದೀರಾ? 1948ರಲ್ಲಿ ಪ್ಯಾರಿಸ್ಸಿನಲ್ಲಿ ಪ್ರದರ್ಶನಕ್ಕೆ ಬಂದ ಬಡವರ ಕಾರು, ಟೈರಿನ ಅಗಲ ಕೇವಲ 125. ತಿರುವಿನಲ್ಲಿ ಅದು ಬಾಗುವುದನ್ನು ನೋಡಿದರೆ ಬಾಗಿಲ ಹಿಡಿ ನೆಲಕ್ಕೆ ತಾಗುತ್ತದೇನೋ ಅನ್ನಿಸುತ್ತದೆ. ಆದರೂ ಚಕ್ರಗಳು ರಸ್ತೆ ಬಿಡುವುದಿಲ್ಲ. ತಿರುವಿನಲ್ಲಿ ಒಳಗಿನ ಚಕ್ರಗಳಿಂದ ಹೊರಗಿನ ಚಕ್ರಗಳಿಗೆ ಎಷ್ಟು ತೂಕ ಸರಿಯಬೇಕೆಂದು ತೀರ್ಮಾನಿಸುವುದು ಮುಖ್ಯವಾಗಿ ಗುರುತ್ವ ಕೇಂದ್ರದ ಎತ್ತರ ಮತ್ತು ಎಡಬಲ ಚಕ್ರಗಳ ನಡುವಿನ ಅಂತರ. ಸ್ಪ್ರಿಂಗ್ ಮೆತ್ತಗಿದ್ದರೆ ಮೈ ಹೆಚ್ಚು ವಾಲುತ್ತದೆ, ಅಷ್ಟೇ. ಅಮ್ಮನಿಗೆ ಗೊತ್ತಾಗುವುದು ವಾಲಿಕೆ, ಟೈರಿಗೆ ಗೊತ್ತಾಗುವುದು ತೂಕ.

ಇದರ ತದ್ವಿರುದ್ಧ 1959ರ ಮಿನಿ. ಪೆಟ್ರೋಲ್ ಉಳಿಸಲೆಂದೇ ಅಲೆಕ್ ಇಸಿಗೊನಿಸ್ ರೂಪಿಸಿದ ಕಾರು ಅದು. ಹತ್ತು ಇಂಚಿನ ಚಕ್ರ, ಸ್ಪ್ರಿಂಗಿನ ಬದಲು ರಬ್ಬರ್ ಶಂಕು, ಎಂಜಿನ್ ಅಡ್ಡಲಾಗಿ ಮುಂದೆ. ಚಕ್ರಗಳನ್ನು ನಾಲ್ಕು ಮೂಲೆಗಳಿಗೆ ತಳ್ಳಿದ್ದರಿಂದ ತಿರುವುಗಳಲ್ಲಿ ಅದು ಬೆಕ್ಕಿನ ಹಾಗೆ ಕಾಲೂರಿತು. 1964, 65, 67ರಲ್ಲಿ ಮಾಂಟೆ ಕಾರ್ಲೊ ರ‍್ಯಾಲಿ ಗೆದ್ದಿತು. ಅಗ್ಗದ ಕಾರಿಗೆ ತಿರುವು ಪಠ್ಯದಲ್ಲೇ ಇಲ್ಲ ಎಂದ ಗೆಳೆಯರಿಗೆ ಇದನ್ನು ಅರ್ಪಿಸುತ್ತೇನೆ.

ಟ್ರ್ಯಾಕ್ ಹುಚ್ಚ
ಮಂಗಳವಾರ, ಬೆಳಿಗ್ಗೆ 8:40

ಗೆದ್ದದ್ದು ಮಿನಿ ಕೂಪರ್ ಎಸ್, ಸಾದಾ ಮಿನಿ ಅಲ್ಲ. ದೊಡ್ಡ ಎಂಜಿನ್, ಡಿಸ್ಕ್ ಬ್ರೇಕ್. ಅರ್ಪಣೆಯನ್ನು ಅರ್ಧ ಸ್ವೀಕರಿಸಿದ್ದೇನೆ.

ನೆಕ್ಕಾರ್ ದಂಡೆ
ಮಂಗಳವಾರ, ಮಧ್ಯಾಹ್ನ 12:25

ಒಪ್ಪಿದೆ. ಆದರೆ ಮೂಳೆ ಅದೇ ಅಲ್ಲವೇ? ಆ ಮೂಳೆಗೆ ಬೇರೆ ಮಾಂಸ ಹಚ್ಚಿದರೆ ಏನಾಗುತ್ತದೆ ಎಂಬುದಕ್ಕೆ ನಿಮಗೆ ಗೊತ್ತಿರುವ ಕಾರನ್ನೇ ತೆಗೆದುಕೊಳ್ಳಿ. ನಮ್ಮಲ್ಲಿನ ಸ್ವಿಫ್ಟ್‌ನ ಕೆಳಗಿನ ಮಾದರಿಗೆ 165/80 ಅಳತೆಯ 14 ಇಂಚಿನ ಟೈರು. 2017ರಲ್ಲಿ ಜಪಾನಿನಲ್ಲಿ ಬಂದ ಸ್ವಿಫ್ಟ್ ಸ್ಪೋರ್ಟ್‌ಗೆ 195/45, 17 ಇಂಚು. ಟೈರಿನ ಗೋಡೆ 132 ಮಿಲಿಮೀಟರಿನಿಂದ 88ಕ್ಕೆ ಇಳಿಯಿತು. 1.4 ಲೀಟರ್ ಟರ್ಬೊ, 140 ಪಿಎಸ್, ಆದರೂ ತೂಕ ಸಾವಿರ ಕಿಲೋ ದಾಟಿಲ್ಲ. ಭಾರತದಲ್ಲಿ ಅದನ್ನು ಮಾರಲೇ ಇಲ್ಲ. ಹಿಂದಿನ ತಲೆಮಾರಿನ ಸ್ವಿಫ್ಟ್ ಸ್ಪೋರ್ಟ್ ಒಂದನ್ನು ಬಾಡಿಗೆಗೆ ಪಡೆದು ನೂರ್ಬರ್ಗ್‌ರಿಂಗ್‌ನ ರೇಸ್ ಟ್ರ್ಯಾಕಿನಲ್ಲಿ 20.8 ಕಿಲೋಮೀಟರ್ ಸುತ್ತು ಹಾಕಿದ್ದೇನೆ. ನನ್ನನ್ನು ಹಿಂದಿಕ್ಕದ ಕಾರೇ ಇರಲಿಲ್ಲ ಎಂದರೂ ತಪ್ಪಾಗದು. ಆದರೆ ಇಳಿದಾಗ ಮುಖದ ಮೇಲಿನ ನಗು ಎರಡು ದಿನ ಹೋಗಲಿಲ್ಲ.

ಸುಜುಕಿಗೆ ಇದು ಹಳೆಯ ಚಟ. ಆಲ್ಟೊ ಎಂದರೆ ನಮಗೆ ಮೈಲೇಜ್. ಜಪಾನಿನಲ್ಲಿ 1987ರಲ್ಲೇ ಆಲ್ಟೊ ವರ್ಕ್ಸ್ ಎಂಬ ಟರ್ಬೊ ಮಾದರಿ ಬಂತು, 543 ಸಿಸಿಯಲ್ಲಿ 64 ಪಿಎಸ್. ಇಂಥ ಪುಟ್ಟ ಕಾರುಗಳಲ್ಲಿ ಇದಕ್ಕಿಂತ ಮೇಲೆ ಯಾರೂ ಹೋಗುವುದು ಬೇಡ ಎಂದು ಅಲ್ಲಿನ ಕಂಪನಿಗಳು ತಮ್ಮಲ್ಲೇ ಒಪ್ಪಂದಕ್ಕೆ ಬಂದವು. ಆ ಬೇಲಿ ಇವತ್ತಿಗೂ ಅಲ್ಲೇ ಇದೆ.

ಹಾಗೆಯೇ ಟೊಯೋಟಾ 2012ರಲ್ಲಿ ಜಿಟಿ86 ಎಂಬ ಸ್ಪೋರ್ಟ್ಸ್ ಕಾರು ತಂದಾಗ ಬೇಕೆಂದೇ ತನ್ನ ಮೈಲೇಜಿನ ಕಾರಾದ ಪ್ರಿಯಸ್‌ಗೆ ಹಾಕುವಂಥ ಟೈರು ಹಾಕಿತು. ಹಿಡಿತ ಕಡಿಮೆ ಇದ್ದರೆ ಕಾರು ಬೇಗ ಮಾತಾಡುತ್ತದೆ, ಚಾಲಕನಿಗೆ ಕಡಿಮೆ ವೇಗದಲ್ಲೇ ಮಜಾ ಸಿಗುತ್ತದೆ ಎಂದು. ಯಾತ್ರಿಕರಿಗೆ ಆ ಮಾತು ಉಚಿತವಾಗಿಯೇ ಕೇಳಿಸುತ್ತಿದೆ.

ಲೆಕ್ಕದ ಮೇಷ್ಟ್ರು
ಮಂಗಳವಾರ, ಸಂಜೆ 6:45

ಟೈರು ಕಿರಿದಾಗಿಸಿ ಕಾರನ್ನು ಸಾಧುವಾಗಿಸಿದ ಉದಾಹರಣೆ ನಮ್ಮಲ್ಲೇ ಇದೆ. ಟಾಟಾ ನ್ಯಾನೊ, 2009. 624 ಸಿಸಿ ಎಂಜಿನ್ ಹಿಂದೆ. ತೂಕ ಹಿಂದಿದ್ದರೆ ತಿರುವಿನಲ್ಲಿ ಬಾಲ ಮೊದಲು ಬೀಸಿಕೊಳ್ಳುವ ಅಪಾಯ. ಅದಕ್ಕೆ ಮುಂದಿನ ಟೈರು 135, ಹಿಂದಿನದು 155. ಮೂತಿ ಮೊದಲು ಸೋಲಬೇಕು, ಬಾಲವಲ್ಲ. ಮೂತಿ ಜಾರಿದರೆ ಯಾರಾದರೂ ಗಾಬರಿಯಿಂದ ಕಾಲು ಎತ್ತುತ್ತಾರೆ, ವೇಗ ಇಳಿಯುತ್ತದೆ, ಕಾರು ದಾರಿಗೆ ಬರುತ್ತದೆ. ಬಾಲ ಜಾರಿದರೆ ಹಾಗೆ ಕಾಲೆತ್ತುವುದೇ ಮುಳುವು. ಮನೆಮಂದಿಯ ಕಾರುಗಳನ್ನು ಹೀಗೆ ಮೂತಿ-ಸೋಲುವ ಸ್ವಭಾವಕ್ಕೆ ಹದಗೊಳಿಸಿರುತ್ತಾರೆ. ಮಂದ ಎಂದು ಬೈಯುವ ಗುಣ ಬೇಕೆಂದೇ ಬಿತ್ತಿದ್ದು.

ಚಾರ್ಮಾಡಿ ಯಾತ್ರಿಕ
ಮಂಗಳವಾರ, ರಾತ್ರಿ 9:30

ಒಂದು ಸಣ್ಣ ಪ್ರಶ್ನೆ, ಬೈಯಬೇಡಿ. ಹದಿಮೂರು ಇಂಚಿನ ಅಲಾಯ್ ಹಾಕಿಸಿ ಅಗಲದ ಟೈರು ಹಾಕಿದರೆ?

ಗ್ಯಾರೇಜಿನ ಮಾವ
ಬುಧವಾರ, ಬೆಳಿಗ್ಗೆ 7:50

155/65, 13 ಇಂಚು ಹಾಕಿಸಿದರೆ ಒಟ್ಟು ವ್ಯಾಸ ಹೆಚ್ಚುಕಡಿಮೆ ಅಷ್ಟೇ ಇರುತ್ತದೆ. ಹಳೆಯದು 537 ಮಿಲಿಮೀಟರ್, ಹೊಸದು 532. ಮೀಟರು ಕೆಡುವುದಿಲ್ಲ, ಮೂತಿಯೂ ಚುರುಕಾದೀತು. ಆದರೆ ನಿಮಗೆ ಪವರ್ ಸ್ಟಿಯರಿಂಗ್ ಇಲ್ಲ. ಮಲ್ಲೇಶ್ವರದ ಗಲ್ಲಿಯಲ್ಲಿ ಪಾರ್ಕ್ ಮಾಡುವಾಗ ತೋಳು ನನ್ನನ್ನು ನೆನೆಯುತ್ತದೆ. ಟೈರಿನ ಗೋಡೆ ಕುಗ್ಗಿದಷ್ಟೂ ಗುಂಡಿಯ ಪೆಟ್ಟು ನೇರ ರಿಮ್ಮಿಗೆ. ಅದಕ್ಕಿಂತ ದಪ್ಪ ಟೈರಂತೂ ಬೇಡವೇ ಬೇಡ.

ನಾನಾದರೆ ಅದೇ ಅಳತೆಯ ಹೊಸ ಟೈರು ನಾಲ್ಕು, ಎರಡು ಕಡೆಯ ಲೋಯರ್ ಆರ್ಮ್ ಬುಷ್, ಹಿಂದಿನ ಶಾಕ್ ಅಬ್ಸಾರ್ಬರ್ ಜೋಡಿ, ಆಮೇಲೆ ಅಲೈನ್‌ಮೆಂಟ್. ಇದೇ ಕ್ರಮದಲ್ಲಿ. ಬುಷ್ ಹರಿದ ಗಾಡಿಗೆ ಮೊದಲೇ ಅಲೈನ್‌ಮೆಂಟ್ ಮಾಡಿಸುವುದು ಸೋರುವ ಕೊಡಕ್ಕೆ ನೀರು ತುಂಬಿದ ಹಾಗೆ. ಶಾಕ್ ಅಬ್ಸಾರ್ಬರ್ ಒಂದೇ ಬದಲಿಸುತ್ತೇನೆ ಎಂದರೆ ಬೇಡ, ಜೋಡಿಯಾಗಿಯೇ.

ಇಳಿಯುವಾಗ ಎರಡನೇ ಗೇರು. ಯಾವ ಗೇರಿನಲ್ಲಿ ಏರುತ್ತೀರೋ ಅದೇ ಗೇರಿನಲ್ಲಿ ಇಳಿಯಿರಿ. ಬ್ರೇಕು ತಿರುವಿಗೆ ಮೊದಲು, ತಿರುವಿನೊಳಗೆ ಅಲ್ಲ. ಸಣ್ಣ ಕಾರಿನ ಹಿಂದಿನ ಡ್ರಮ್ಮು ಬಿಸಿಯಾದರೆ ತಣಿಯಲು ಬಹಳ ಹೊತ್ತು ಬೇಕು.

ಟ್ರ್ಯಾಕ್ ಹುಚ್ಚ
ಬುಧವಾರ, ಬೆಳಿಗ್ಗೆ 9:20

ಮಾವನ ಪಟ್ಟಿಗೆ ನನ್ನ ತಕರಾರಿಲ್ಲ. ಆದರೆ ಒಂದು ಮಾತು ಬಿಟ್ಟುಕೊಡುವುದಿಲ್ಲ. ಮೇಷ್ಟ್ರು 25 ಮೀಟರಿನ ತಿರುವಿಗೆ ಲೆಕ್ಕ ಹಾಕಿದರು. 150 ಮೀಟರಿನ ಹೆದ್ದಾರಿ ತಿರುವಿಗೆ ಅದೇ ಅಂಕಿ ಹಾಕಿ: ಸಣ್ಣ ಕಾರಿನ ಮಿತಿ 120ರ ಹತ್ತಿರ, ಇನ್ನೊಂದರದು 131. ಅಲ್ಲಿ ನೂರರಲ್ಲಿ ಹೋಗುತ್ತಿರುವವನಿಗೆ ಉಳಿದಿರುವ ಮಿಗತೆ ಯಾವ ಕಾರಿನಲ್ಲಿ ಹೆಚ್ಚು? ಅದಕ್ಕಾಗಿ ಜನ ಹಣ ಕೊಡುತ್ತಾರೆ.

ಲೆಕ್ಕದ ಮೇಷ್ಟ್ರು
ಬುಧವಾರ, ರಾತ್ರಿ 8:00

ಲೆಕ್ಕ ಸರಿಯಾಗಿದೆ. ಮಳೆಗಾಲ ಬಂದರೆ ಎರಡೂ ಅಂಕಿಗಳನ್ನು ಇಳಿಸಿಕೊಳ್ಳಿ.

ಚಾರ್ಮಾಡಿ ಯಾತ್ರಿಕ
ನಾಲ್ಕು ವಾರಗಳ ನಂತರ, ಭಾನುವಾರ, ರಾತ್ರಿ 11:05

ಮಾವ ಹೇಳಿದ್ದೆಲ್ಲ ಮಾಡಿಸಿದೆ. ಬುಷ್ ಬಿಚ್ಚಿದ ಮೆಕ್ಯಾನಿಕ್ ಹಳೆಯದನ್ನು ನನ್ನ ಕೈಗಿಟ್ಟ. ಒಣಗಿದ ಅತ್ತಿಹಣ್ಣಿನಂತೆ ಎರಡು ಹೋಳಾಗಿತ್ತು. ಗಾಳಿ ಚೀಟಿಯಲ್ಲಿದ್ದಷ್ಟೇ, ನಾನೇ ಅಳೆದದ್ದು.

ನಿನ್ನೆ ಮತ್ತೆ ಇಳಿದೆ. ಅದೇ ನಾಲ್ಕು ಜನ. ಈ ಸಲ ತೆಂಗಿನಕಾಯಿ ಇರಲಿಲ್ಲ, ಅದರ ಬದಲು ಚಿಕ್ಕಮ್ಮ ಹತ್ತು ಕಿಲೋ ಅಕ್ಕಿ ಹೇರಿದ್ದರು. ಅದೇ ತಿರುವು, ಹೆಂಡತಿಯ ಕೈಯಲ್ಲಿ ಮೊಬೈಲು, ಜಿಪಿಎಸ್ ಪ್ರಕಾರ 34. ಕಾರಿನ ಮೀಟರ್ 37 ತೋರಿಸುತ್ತಿತ್ತು, ಹಾಗಾಗಿ ಮೊದಲಿನ ನನ್ನ 35 ಏನಾಗಿತ್ತೋ ದೇವರೇ ಬಲ್ಲ. ವಾಲುವುದು ವಾಲಿತು, ಅದೇನೂ ಹೋಗಿಲ್ಲ. ಆದರೆ ಸ್ಟಿಯರಿಂಗ್ ತಿರುಗಿಸಿದಾಗ ಮೂತಿ ಕೂಡಲೇ ಬಂತು. ನಡುವಿನ ಆ ಅರೆಕ್ಷಣದ ಬಿಡುವು ಇಲ್ಲ. ವಾಲಿದ ಮೇಲೆ ಒಂದೇ ಸಲ ಕುಳಿತುಕೊಂಡಿತು, ಮತ್ತೆ ತೂಗಲಿಲ್ಲ. ತುಪ್ಪದ ಡಬ್ಬಿ ಅಮ್ಮನ ಕಾಲಬುಡದಲ್ಲೇ ಇತ್ತು. ಈ ಸಲ ಅಮ್ಮ ಅದನ್ನು ಎರಡು ಪಾದಗಳ ನಡುವೆ ಅಮುಕಿ ಹಿಡಿದಿದ್ದರು, ಆದ್ದರಿಂದ ಆ ಸಾಕ್ಷಿ ನಡೆಯುವುದಿಲ್ಲ.

ಹೇಮಾವತಿ ತೀರ ಅವರೇ, ನೀವು ಹೇಳಿದ ಪರೀಕ್ಷೆಯನ್ನೂ ಮಾಡಲು ಹೊರಟೆ. ಅಮ್ಮ, ಚಿಕ್ಕಮ್ಮ, ಅಕ್ಕಿ ಎಲ್ಲವನ್ನೂ ನಿನ್ನ ಪೋಲೋಗೆ ಹಾಕಿ ಒಮ್ಮೆ ಇಳಿದು ನೋಡೋಣ ಎಂದು ಗೆಳೆಯನನ್ನು ಕೇಳಿದೆ. ಹೊಸ ಸೀಟ್ ಕವರ್ ಹಾಕಿಸಿದ್ದೇನೆ, ಚಿಕ್ಕಮ್ಮನಿಗೆ ಘಾಟಿಯಲ್ಲಿ ವಾಂತಿಯಾಗುವುದು ಊರಿಗೆಲ್ಲ ಗೊತ್ತಿದೆ ಎಂದು ಫೋನ್ ಇಟ್ಟ.